ಸುಮ್ಮನಾಗುವ ಮುನ್ನ

ಎದುರಿಗೆ ದನ ಇರಲಿಲ್ಲ, ಬಸ್ಸು ಇರಲಿಲ್ಲ, ರಸ್ತೆ ದಾಟುವ ಮುದುಕಿಯೂ ಇರಲಿಲ್ಲ. ಆದರೂ ಹುಸ್ನಾ ಬ್ರೇಕ್ ಒತ್ತಿಬಿಟ್ಟಿದ್ದಳು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ, ಅದು ಅವಳದ್ದು. ಕಾರು ಕುಲುಕಿ ನಿಂತಿತು. ಕಮಲಾಕರ ಮಾಸ್ತರರ ಕನ್ನಡಕ ಮೂಗಿನ ತುದಿಗೆ ಬಂತು. ಹಿಂದಿದ್ದ ಬೈಕಿನವನು ಬೈಯುತ್ತಲೇ ಪಕ್ಕದಿಂದ ದಾಟಿಹೋದ. ನಿವೃತ್ತಿಯಾದ ಮೇಲೆ ಕಾರು ಕಲಿಯಲು ಹೊರಟ ಮಾಸ್ತರರು ಇಡೀ ಆಯುಷ್ಯ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಲೆಕ್ಕ ಎಲ್ಲಿ ತಪ್ಪಿತೆಂದು ಗೊತ್ತಾಗದೆ ಮುಂದಿನ ಸಾಲಿಗೆ ಹೋಗುವ ಪೈಕಿ ಅಲ್ಲ. "ನಾ ಎಂತ ತಪ್ಪು ಮಾಡ್ದೆ?" ಎಂದು ಕೇಳಿದರು. ಅವರು ಏನೂ ಮಾಡಿರಲಿಲ್ಲ. ಮಾಡಿದ್ದು ಇಷ್ಟೇ: ಯಲ್ಲಾಪುರ ರಸ್ತೆಗೆ ತಿರುಗಿದ ಕೂಡಲೇ, "ಒಂಚೂರು ಸುಮ್ನಿರಿ ನೋಡುವಾ, ನೀವು ಮಾತಾಡ್ತಾ ಇದ್ರೆ ನಂಗೆ ಗೇರು ಮರೆತು ಹೋಗ್ತದೆ" ಎಂದಿದ್ದರು. ಅವಳು ಸುಮ್ಮನಾಗಿದ್ದಳು. ಕಾರಿನೊಳಗೆ ಎಂಜಿನ್ನಿನ ಸದ್ದು ಮಾತ್ರ ಉಳಿದಿತ್ತು, ಮಾಸ್ತರರು ತುಟಿ ಬಿಗಿದುಕೊಂಡು ಎದುರು ನೋಡುತ್ತಿದ್ದರು. ಆ ಬಿಗಿದ ತುಟಿಯನ್ನು ಓರೆಗಣ್ಣಿನಿಂದ ನೋಡುತ್ತ ನೋಡುತ್ತ ಅವಳ ಕಾಲು ತಾನೇ ಕೆಳಗಿಳಿದಿತ್ತು. "ನಂದೇ ತಪ್ಪು ಸರ್" ಎಂದಳು. ಮಾಸ್ತರರಿಗೆ ಅಷ್ಟು ಸಾಕಾಯಿತು, ಮತ್ತೆ ಚಾವಿ ತಿರುಗಿಸಿದರು.

ಶಿರಸಿಯಲ್ಲಿ ಹುಸ್ನಾಳ ಡ್ರೈವಿಂಗ್ ಸ್ಕೂಲಿಗೆ ಹೆಸರು ಬಂದದ್ದೇ ಅವಳ ಬಾಯಿಂದ. "ಈಗ ನಾ ಸ್ಟೇರಿಂಗಿಗೆ ಕೈ ಹಾಕ್ತೆ, ಹೆದರ್ಬೇಡಿ. ಈಗ ಬ್ರೇಕ್ ಒತ್ತುತೆ, ಗಾಡಿ ನಿಲ್ತದೆ, ಅದು ನಿಮ್ಮಿಂದ ಅಲ್ಲ" ಎಂದು ಮೊದಲೇ ಹೇಳದೆ ಅವಳು ಏನನ್ನೂ ಮಾಡುತ್ತಿರಲಿಲ್ಲ. ಬೇರೆ ಕಡೆ ಮಾಸ್ತರುಗಳು ಮೊದಲು ಒತ್ತುತ್ತಾರೆ, ಆಮೇಲೆ ಬೈಯುತ್ತಾರೆ, ಕಲಿಯುವ ಹೆಂಗಸು ಮನೆಗೆ ಹೋಗಿ ಅಳುತ್ತಾಳೆ. ಹಾಗೆ ಅತ್ತವರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಇವಳ ಹತ್ತಿರ. ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು, ಹೆಮ್ಮೆಪಡಲು ಕಾರಣವೂ ಇತ್ತು. ಇವಳ ಹತ್ತಿರ ಕಲಿತ ನರ್ಸುಗಳು, ಟೀಚರುಗಳು, ಬ್ಯಾಂಕಿನ ಹುಡುಗಿಯರು ದೇವಿಕೆರೆ ಹತ್ತಿರದ ಗದ್ದಲದಲ್ಲೂ ಆರಾಮಾಗಿ ಗಾಡಿ ಬಿಡುತ್ತಿದ್ದರು. ಆದ್ದರಿಂದಲೇ ಬೆಳಗಿನ ಆ ಬ್ರೇಕು ಮಧ್ಯಾಹ್ನ ಊಟಕ್ಕೆ ಕೂತಾಗಲೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇವತ್ತು ಮೂರು ಗಂಟೆಗೆ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಗೆ, ವೇದಾ ಮೇಡಮ್ಮಿನ ಹತ್ತಿರ ಹೋಗಬೇಕು. ಹೋಗಬೇಕೋ ಬೇಡವೋ ಎಂದು ಎರಡು ದಿನದಿಂದ ತೂಗುತ್ತಿದ್ದಳು. ಯಲ್ಲಾಪುರದಲ್ಲಿ ಟಯರ್ ಅಂಗಡಿ ಇಟ್ಟಿರುವ ಗಂಡ ಮೊಯಿನ್ ನಿನ್ನೆ ರಾತ್ರಿ, "ಸರಿ ಬರಲಿಲ್ಲ ಅಂದ್ರೆ ಹೋಗಬೇಡ. ಸರಿ ಬರಲಿಲ್ಲ ಅಂತ ಅವರಿಗೂ ಹೇಳಿ ಬಾ. ಗಿರಾಕಿ ಹೇಳದೆ ಹೋದ್ರೆ ನಂಗೂ ಸಿಟ್ಟು ಬರ್ತದೆ" ಎಂದು ಮಗ್ಗುಲು ಬದಲಿಸಿ ನಿದ್ದೆ ಹೋಗಿದ್ದ. ಟಯರ್ ಅಂಗಡಿಯವನ ಬುದ್ಧಿ ಎಂದು ಆಗ ನಕ್ಕಿದ್ದಳು. ಈಗ ಸ್ಟೇರಿಂಗ್ ಹಿಡಿದು ಸಿದ್ದಾಪುರ ರಸ್ತೆಗೆ ಇಳಿದಾಗ ಅವಳ ಹತ್ತಿರ ಇದ್ದದ್ದು ಅದೊಂದೇ ಬುದ್ಧಿ.

ಒಬ್ಬಳೇ ಗಾಡಿ ಬಿಡುವಾಗ ಅವಳು ಹಾಡು ಹಾಕುತ್ತಿದ್ದಳು, ಇಲ್ಲವೇ ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದಳು. ಸುಮ್ಮನಿರುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಮನೆಯ ಮಾತು ಉರ್ದು, ಪೇಟೆಯ ಮಾತು ಕನ್ನಡ. ಅಮ್ಮಿಯ ಸಿಟ್ಟಿಗೆ ಮಾತ್ರ ಎರಡೂ ಬೇಕಿರಲಿಲ್ಲ. ಅಮ್ಮಿ ಅಮೀರುನ್ನಿಸಾ ಕೈ ಎತ್ತಿದವಳಲ್ಲ, ಬೈದವಳಲ್ಲ. ಮಾತು ಬಿಡುತ್ತಿದ್ದಳು. ಹುಸ್ನಾ ಮೂರನೇ ಇಯತ್ತೆಯಲ್ಲಿದ್ದಾಗ, ಅಮ್ಮಿ ಹಿತ್ತಲಲ್ಲಿ ಕೂತು ಅತ್ತದ್ದನ್ನು ಪಕ್ಕದ ಮನೆಯವರ ಮುಂದೆ ಹೇಳಿಬಿಟ್ಟಿದ್ದಳು. ಹೇಳಬಾರದೆಂದು ಗೊತ್ತಿರಲಿಲ್ಲ. ಅಮ್ಮಿಗೆ ಹೊಟ್ಟೆ ನೋವೇ ಇರಬೇಕು, ಅವರ ಮನೆಯಲ್ಲಿ ಕಷಾಯ ಇದ್ದರೆ ಕೇಳೋಣ ಎಂದುಕೊಂಡಿದ್ದಳು. ಮಳೆಗಾಲದ ಆರಂಭದಲ್ಲಿ ನಿಂತ ಅಮ್ಮಿಯ ಮಾತು ಛತ್ರಿಗಳನ್ನು ಅಟ್ಟಕ್ಕೆ ಹಾಕಿದ ಮೇಲೂ ಬರಲಿಲ್ಲ. ತಟ್ಟೆಗೆ ಅನ್ನ ಬೀಳುತ್ತಿತ್ತು, ಜಡೆ ಹೆಣೆದಾಗುತ್ತಿತ್ತು, ಸಮವಸ್ತ್ರ ಒಣಗುತ್ತಿತ್ತು. ಜಡೆ ಹೆಣೆಯುವ ಬೆರಳು ಕಿವಿಗೆ ತಾಗಿದರೆ ಮಾತ್ರ ಅಮ್ಮಿ ಇದ್ದಾಳೆಂದು ತಿಳಿಯುತ್ತಿತ್ತು. ಅಬ್ಬಾ ಮುನಾಫ್ ಲಾರಿ ಹೊಡೆಯುತ್ತಿದ್ದ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಿ ಬರುತ್ತಿದ್ದ. ಅವನು ಮನೆಗೆ ಬಂದ ದಿನ ಅಮ್ಮಿ ನಗುತ್ತಿದ್ದಳು, ಮಾತಾಡುತ್ತಿದ್ದಳು. ಮಗಳು ಎದುರಿಗೇ ಕೂತಿದ್ದರೂ, "ಅವಳಿಗೆ ಹೇಳಿ, ಕೈ ತೊಳೆದು ಬರಲಿ" ಎಂದು ಗಂಡನ ಮೂಲಕ ಕರೆಯುತ್ತಿದ್ದಳು. ಅಬ್ಬಾ ಇದನ್ನೊಂದು ಆಟವೆಂದುಕೊಂಡು ನಕ್ಕು ಮತ್ತೆ ಲಾರಿ ಹತ್ತುತ್ತಿದ್ದ. ಆ ಮೌನ ಒಂದು ದಿನ ಮುಗಿಯಿತು. ಅದು ಹೇಗೆ ಮುಗಿಯಿತೆಂಬುದನ್ನು ಹುಸ್ನಾ ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ, ಮೊಯಿನನಿಗೂ.

ಈಗ ಅದೇ ಅಮ್ಮಿ ಇವಳ ಮನೆಯಲ್ಲೇ ಇದ್ದಾಳೆ, ಬಾಯಿ ತುಂಬ ಮಾತಾಡುತ್ತಾಳೆ. ಮೊಮ್ಮಗಳು ಮುಬಶ್ಶಿರಾಳಿಗೆ ಕಥೆ ಹೇಳುತ್ತಾಳೆ, ತರಕಾರಿಯವನ ಹತ್ತಿರ ಅವನ ಸಂಸಾರದ ಸುಖದುಃಖ ಕೇಳುತ್ತಾಳೆ. ಇಂಥ ತಾಯಿ ಸಿಗಲು ಪುಣ್ಯ ಬೇಕು ಎಂದು ಕಾರು ಕಲಿಯಲು ಬಂದವರೆಲ್ಲ ಹೇಳಿ ಹೋಗುತ್ತಾರೆ. ಹೌದು ಎಂದು ಹುಸ್ನಾ ತಲೆಯಾಡಿಸುತ್ತಾಳೆ. ಬಾಲ್ಯ ಕೆಟ್ಟದಾಗಿತ್ತು ಎನ್ನಲು ಅವಳ ಹತ್ತಿರ ಒಂದು ಬಾಸುಂಡೆಯೂ ಇಲ್ಲ. ಅವಳಿಗೆ ಇದೆಲ್ಲವನ್ನು ಹೊತ್ತುಕೊಂಡು ಹೀಗೇ ಮುದುಕಿಯಾಗಲು ಅಡ್ಡಿಯೇನೂ ಇರಲಿಲ್ಲ, ಹೋದ ದೀಪಾವಳಿ ರಜೆಯಲ್ಲಿ ಆ ಒಂದು ದಿನ ಬಾರದೇ ಹೋಗಿದ್ದರೆ. ಮುಬಶ್ಶಿರಾ ಸುಳ್ಳು ಹೇಳಿದ್ದಳು, ಟ್ಯೂಶನ್ನಿಗೆ ಹೋಗದೆ ಗೆಳತಿಯ ಮನೆಯಲ್ಲಿ ಟಿವಿ ನೋಡಿದ್ದಳು. ಆರನೇ ಇಯತ್ತೆಯ ಮಕ್ಕಳು ಹೇಳುವಂಥ ಸುಳ್ಳೇ. ಹುಸ್ನಾ ಬೈಯಲಿಲ್ಲ. ಸಂಜೆಯಿಂದ ಮರುದಿನ ಸಂಜೆಯವರೆಗೆ ಅವಳ ಬಾಯಿ ತೆರೆಯಲೇ ಇಲ್ಲ. ಮರುದಿನ ಡ್ರೈವಿಂಗ್ ಕ್ಲಾಸಿಗೆ ಹೊರಟಾಗ ಬಾಗಿಲಲ್ಲಿ ಹುಸ್ನಾಳ ಚಪ್ಪಲಿ ಒರೆಸಿ ಜೋಡಿಸಿ ಇಟ್ಟಿತ್ತು, ಪಕ್ಕದಲ್ಲಿ ನೀರಿನ ಬಾಟಲಿ ತುಂಬಿಸಿ ಇಟ್ಟಿತ್ತು. ಮಗಳು ಪರದೆಯ ಹಿಂದಿನಿಂದ ನೋಡುತ್ತಿದ್ದಳು. ಆ ಚಪ್ಪಲಿಗಳನ್ನು ಹುಸ್ನಾ ಗುರುತಿಸಿದಳು. ತಾನೂ ಒಂದು ಕಾಲಕ್ಕೆ ಅಮ್ಮಿಯ ಚಪ್ಪಲಿಗಳನ್ನು ಹಾಗೆಯೇ ಒರೆಸಿ ಇಟ್ಟಿದ್ದಳು. ಅವಳಿಗೆ ಭಯವಾಯಿತು. ಅದೇ ವಾರ ಹುಬ್ಬಳ್ಳಿಯ ಮನಸ್ಸಿನ ಡಾಕ್ಟರೊಬ್ಬರ ನಂಬರಿಗೆ ಫೋನು ಮಾಡಿದಳು.

ಸೆಕೆಂಡ್ ಹ್ಯಾಂಡ್ ಕಾರಾದರೆ ಬಾನೆಟ್ ಎತ್ತಿ ನೋಡಬಹುದು, ಒಂದು ಸುತ್ತು ಓಡಿಸಿ ನೋಡಬಹುದು. ಮನಸ್ಸಿನ ಡಾಕ್ಟರನ್ನು ಆರಿಸುವುದು ಹೇಗೆಂದು ಹೇಳುವವರು ಯಾರೂ ಇರಲಿಲ್ಲ. ಹುಬ್ಬಳ್ಳಿಯವರು ದೊಡ್ಡ ಮೇಜಿನ ಆಚೆ ಕೂತು, "ಹೇಳ್ರಿ" ಎಂದು, ಆಮೇಲೆ ಪೆನ್ನು ತಿರುಗಿಸುತ್ತ ಸುಮ್ಮನಾದರು. ಎಷ್ಟೋ ಹೊತ್ತು. ಹುಸ್ನಾ ಎರಡು ಸಲ ಕ್ಷಮೆ ಕೇಳಿದಳು. ಯಾಕೆಂದು ಅವರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ಅವಳಿಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಎರಡನೆಯವರು ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವವರು, ಒಳ್ಳೆಯ ಹುಡುಗಿ, ಮಾತಿನ ನಡುವೆ ನಗುತ್ತಿದ್ದಳು. ಆದರೆ ಶಿರಸಿಯ ನೆಟ್‌ವರ್ಕ್ ಗೊತ್ತಿದ್ದದ್ದೇ. ನಡುನಡುವೆ ಆ ಮುಖ ಹಾಗೇ ನಿಂತುಬಿಡುತ್ತಿತ್ತು, ಕಣ್ಣು ಇವಳ ಮೇಲೆ, ಬಾಯಿ ಮುಚ್ಚಿ. ನೆಟ್ ಹೋಗಿದೆಯೋ, ತಾನು ಏನಾದರೂ ಆಡಬಾರದ್ದು ಆಡಿದೆನೋ ಎಂದು ಹುಸ್ನಾ ಮೊಬೈಲನ್ನು ಅತ್ತಿತ್ತ ತಿರುಗಿಸುತ್ತಿದ್ದಳು. ಮೂರನೆಯ ಸಲ ಆ ಮುಖಕ್ಕೆ ಜೀವ ಬಂದಾಗ ಅದು, "ಅಮ್ಮನನ್ನು ಕ್ಷಮಿಸಿಬಿಡಿ, ಹಗುರಾಗ್ತೀರಿ" ಎಂದಿತು. ಹುಸ್ನಾ ನೆಟ್‌ವರ್ಕಿನ ಮೇಲೆ ತಪ್ಪು ಹಾಕಿ ಮೊಬೈಲ್ ಆಫ್ ಮಾಡಿದಳು. ಕಾರು ಕಲಿಯಲು ಬಂದಿದ್ದ ನರ್ಸ್ ರಕ್ಷಿತಾ ಕೋಲಸಿರ್ಸಿಯ ವೇದಾಳ ಹೆಸರು ಹೇಳಿದ್ದು ಆಮೇಲೆ. ಯಾರಿಗೆ ಬೇಕು ಎಂದು ರಕ್ಷಿತಾ ಕೇಳಲಿಲ್ಲ.

ಶಿರಸಿಯಿಂದ ಅಷ್ಟು ದೂರ ಹೋದರೆ ಯಾರಿಗೂ ತಿಳಿಯುವುದಿಲ್ಲ ಎಂಬುದೊಂದು ಧೈರ್ಯ. ಆದರೆ ಹೋಗುವ ಕಾರಿನ ಎರಡೂ ಬಾಗಿಲ ಮೇಲೆ, ಬೆನ್ನ ಮೇಲೆ, ಕೆಂಪು ಅಕ್ಷರದಲ್ಲಿ 'ಹುಸ್ನಾ ಡ್ರೈವಿಂಗ್ ಸ್ಕೂಲ್' ಎಂದು ಬರೆಸಿಟ್ಟುಕೊಂಡವಳು ಅವಳೇ. ಹೋದ ವಾರ ವೇದಾಳ ಅಂಗಳದಲ್ಲಿ ಆ ಕಾರು ನಿಂತ ಕ್ಷಣವೇ ಕೋಲಸಿರ್ಸಿಗೆ ಸುದ್ದಿ ಗೊತ್ತಾಗಿಹೋಯಿತು: ಮೇಡಮ್ಮು ಕಾರು ಕಲಿಯುತ್ತಾರಂತೆ. ಆ ದಿನ ಕೋಣೆಯೊಳಗೆ ಎಲ್ಲ ಕೆಟ್ಟಿತ್ತು. ಚಿಕ್ಕವರಿದ್ದಾಗ ಮನೆಯಲ್ಲಿ ಹೇಗಿತ್ತು ಎಂದು ವೇದಾ ಕೇಳಿದಳು, ಅಮ್ಮಿ ಮಾತು ಬಿಡುತ್ತಿದ್ದಳು ಎಂದು ಇವಳು ಹೇಳಿದಳು. ವೇದಾ ಹುಬ್ಬಳ್ಳಿಯವರಂತೆಯೇ ಸುಮ್ಮನಾದಳು. ತಕ್ಷಣ ಹುಸ್ನಾ ಅಮ್ಮಿಯ ವಕೀಲಳಾದಳು: ಊಟ ಸರಿಯಾಗಿ ಹಾಕುತ್ತಿದ್ದಳು, ಈದಿಗೆ ಹೊಸ ಬಟ್ಟೆ ಇರುತ್ತಿತ್ತು, ಎಲ್ಲರ ಮನೆಯಲ್ಲೂ ಇದ್ದದ್ದೇ. ಆಮೇಲೆ ಉಳಿದ ಹೊತ್ತನ್ನೆಲ್ಲ ಲೈಸೆನ್ಸಿನ ಹೊಸ ನಿಯಮಗಳ ಬಗ್ಗೆ ಮಾತಾಡಿ ಮುಗಿಸಿ ಎದ್ದಳು. ಇನ್ನು ಈ ಕಡೆ ಬರುವುದಿಲ್ಲ ಎಂದು ಅಂಗಳಕ್ಕೆ ಇಳಿದಾಗ ವೇದಾಳ ಅತ್ತೆ, ಬೆನ್ನು ಬಾಗಿದ ಮುದುಕಿ, ಜಗಲಿಯಿಂದಲೇ ಸೊಸೆಯನ್ನು ಕೇಳಿದ್ದರು: "ಎಂತ ಆತೇ, ಗೇರು ಹಾಕಲೆ ಬಂತಾ?" ಇನ್ನೇನು ಗುಟ್ಟು ಬಯಲಾಯಿತೆಂದು ಹುಸ್ನಾ ಕಾರಿನ ಬಾಗಿಲಿಗೆ ಕೈ ಹಾಕಿದಳು. ವೇದಾ ಇವಳ ಕಡೆ ನೋಡಲೂ ಇಲ್ಲ. "ಆನು ಗೇರು ಮುಟ್ಟಿದ್ದೇ ಇಲ್ಲೆ ಅತ್ತೆ, ಯಂಗೆ ಎಂತೂ ಬತ್ತಿಲ್ಲೆ" ಎಂದಳು. ಗೇರು ಮುಟ್ಟಿಲ್ಲ, ತನಗೆ ಏನೂ ಬರುವುದಿಲ್ಲ ಎಂದದ್ದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ, ಇವಳ ಗುಟ್ಟೂ ಹೊರಬೀಳಲಿಲ್ಲ. ಆ ಒಂದು ಮಾತಿಗಾಗಿ ಹುಸ್ನಾ ಇವತ್ತು ಮತ್ತೆ ಬರುತ್ತಿದ್ದಳು.

ಕೋಲಸಿರ್ಸಿಯ ರಸ್ತೆಯ ಒಂದು ಬದಿಗೆ ಹುಲ್ಲು ಹರವಿದ್ದರು, ಅದನ್ನು ತಪ್ಪಿಸಿ ಕಾರು ಒಳಗೆ ತಂದಳು. ಕೋಣೆಯಲ್ಲಿ ಎರಡು ಕುರ್ಚಿ, ನಡುವೆ ಮೇಜಿಲ್ಲ, ಕಿಟಕಿಯಾಚೆ ಕೊಯ್ದ ಗದ್ದೆ. ವೇದಾ ಕೂದಲಿಗೆ ಬಣ್ಣ ಹಾಕದ, ನಲವತ್ತು ದಾಟಿದ ಹೆಂಗಸು. ನೀರಿನ ತಂಬಿಗೆ ಇವಳ ಕಡೆ ಸರಿಸಿ ಕೂತಳು. ಹುಸ್ನಾ ಅವಳು ಬಾಯಿ ತೆರೆಯಲು ಕಾಯಲಿಲ್ಲ. ಎಷ್ಟೋ ಜನಕ್ಕೆ ಗಾಡಿ ಕಲಿಸಿದವಳು, ಕಲಿಸುವವರ ತಪ್ಪು ಹೇಳಲು ತನಗೆ ಹಕ್ಕಿದೆ ಎಂದು ಸಿದ್ದಾಪುರದವರೆಗೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. "ಮೇಡಮ್, ಹೋದ ಸಲ ನೀವು ಮಾಡಿದ್ದು ನಂಗೆ ಸರಿ ಬರ್ಲಿಲ್ಲ" ಎಂದಳು.

"ಎಂತದು, ಹೇಳಿ."

"ನೀವು ಸುಮ್ಮನಾದ್ರಿ."

ವೇದಾ ಏನೋ ಹೇಳಲು ಹೋದಳು, ಹೇಳಲಿಲ್ಲ. ಯೋಚಿಸುತ್ತಿದ್ದಳು, ನಿಜವಾಗಿಯೇ ಯೋಚಿಸುತ್ತಿದ್ದಳು, ಅದು ಹಣೆಯ ಮೇಲೆ ಕಾಣುತ್ತಿತ್ತು. ಹುಸ್ನಾಳಿಗೆ ಹಣೆ ಕಾಣಲಿಲ್ಲ, ಮುಚ್ಚಿದ ಬಾಯಿ ಮಾತ್ರ ಕಂಡಿತು. ಹೇಳಿದ್ದು ತಪ್ಪಾಯಿತು, ಹೋಯಿತು, ಈ ಮೇಡಮ್ಮೂ ಕೈತಪ್ಪಿದರು ಎನಿಸಿತು. ವೇದಾಳ ಕಣ್ಣು ಕೆಳಗಿಳಿದು ಅಲ್ಲೇ ನಿಂತಿತು.

"ಹುಸ್ನಾ, ನಿಮ್ಮ ಕಾಲು ಎಂತ ಮಾಡ್ತಾ ಇದೆ?"

ಹುಸ್ನಾ ನೋಡಿಕೊಂಡಳು. ಬಲಗಾಲಿನ ತುದಿ ನೆಲವನ್ನು ಒತ್ತಿ, ಹಿಮ್ಮಡಿ ಎದ್ದಿತ್ತು. "ಬ್ರೇಕ್ ಒತ್ತುತಾ ಇದೆ" ಎಂದಳು, ತನಗೇ ಸಣ್ಣ ನಗು ಬಂತು.

"ಎದುರಿಗೆ ಎಂತ ಬಂತು?"

ಎದುರಿಗೆ ಉಪ್ಪು ಬಂದಿತ್ತು. ಯಾರಿಗೂ ಹೇಳದ ಆ ಉಪ್ಪಿನ ಮಾತನ್ನು ಈಗ ವೇದಾಳ ಮುಂದೆ ಹೇಳುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಅರ್ಧ ಹೇಳಿದ ಮೇಲೆ. ಛತ್ರಿಗಳು ಅಟ್ಟ ಸೇರಿದ್ದವು. ಅಮ್ಮಿ ಒಲೆಯ ಮುಂದೆ ಸಾರು ಕುದಿಸುತ್ತಿದ್ದಳು, ಹುಸ್ನಾ ಬಾಗಿಲ ಹತ್ತಿರ ಮಗ್ಗಿ ಬರೆಯುತ್ತಿದ್ದಳು. ತಿರುಗಿ ನೋಡದೆ ಅಮ್ಮಿ ಹೇಳಿದಳು: ಉಪ್ಪು ಕೊಡು. ಅಷ್ಟೇ. ಹುಸ್ನಾ ಉಪ್ಪಿನ ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿದಳು, ಬೀಳಿಸಿದರೆ ಮತ್ತೆ ಮಾತು ಹೋಗುತ್ತದೆಂದು ಎದೆಗೆ ಅವಚಿಕೊಂಡು. ಕೊಟ್ಟು ಹಿತ್ತಲಿಗೆ ಹೋಗಿ ಅತ್ತಳು, ಖುಷಿಯಿಂದ. "ನಂಗೆ ಖುಷಿಯಾಯ್ತು ಮೇಡಮ್. ಅಮ್ಮಿಯ ಕಾಲು ಹಿಡಿಬೇಕು ಅನ್ನಿಸ್ತು. ಅಷ್ಟು ದಿನ ಆದ್ಮೇಲೆ ಎಂತಕ್ಕೆ ಹೀಗೆ ಮಾಡ್ದೆ ಅಂತ ಕೇಳ್ಲಿಲ್ಲ, ಉಪ್ಪು ಕೇಳಿದ್ದಕ್ಕೆ ಖುಷಿಪಟ್ಟೆ. ನಂಗೆ ಅಮ್ಮಿ ಮೇಲೆ ಅಷ್ಟು ಸಿಟ್ಟಿಲ್ಲ. ಆ ಖುಷಿ ಮೇಲೆ ಸಿಟ್ಟು, ನಾಚಿಕೆ." ಇಷ್ಟು ಹೇಳಿ ತಂಬಿಗೆಯಿಂದ ಹಾಗೇ ನೀರು ಕುಡಿದಳು, ಕುತ್ತಿಗೆಯ ಮೇಲೆಲ್ಲ ಚೆಲ್ಲಿತು.

"ಈಗ ನಾ ಸ್ವಲ್ಪ ಹೊತ್ತು ಸುಮ್ನಿರ್ತೆ" ಎಂದಳು ವೇದಾ. "ಸಿಟ್ಟಲ್ಲ. ನೀವು ಹೇಳಿದ್ದು ದೊಡ್ಡದು, ಅದರ ಮೇಲೆ ಗಡಬಡಿಸಿ ಎಂತಾದ್ರೂ ಹೇಳೂದು ಬೇಡ ಅಂತ. ಮಾತು ನಾನೇ ಶುರು ಮಾಡ್ತೆ. ನೀವು ಕಾಯೂದೂ ಬೇಡ."

ಹೇಳಿದಂತೆಯೇ ಸುಮ್ಮನಾದಳು. ಹೊರಗೆ ಯಾರದೋ ಮನೆಯ ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಅತ್ತೆ ಜಗಲಿಯಲ್ಲಿ ಯಾರಿಗೋ ಏನೋ ಹೇಳುತ್ತಿದ್ದರು. ಹುಸ್ನಾಳ ಕಾಲು ಮೊದಲು ಬಿಗಿಯಾಯಿತು, ಅದನ್ನು ಅವಳು ನೋಡಿದಳು, ಹಾಗೆ ನೋಡುತ್ತಿರುವಾಗಲೇ ಹಿಮ್ಮಡಿ ನೆಲ ಮುಟ್ಟಿತು. ಇಬ್ಬರು ಒಂದು ಕೋಣೆಯಲ್ಲಿ ಮಾತಿಲ್ಲದೆ ಕೂತಿದ್ದರು, ಯಾರೂ ಯಾರನ್ನೂ ಶಿಕ್ಷಿಸುತ್ತಿರಲಿಲ್ಲ. ಇಂಥದ್ದೊಂದು ಲೋಕದಲ್ಲಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಕಿಟಕಿಯಾಚೆ ಒಬ್ಬ ಗದ್ದೆಯ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ, ಅವನು ಕಾಣದಾಗುವವರೆಗೂ ನೋಡಿದಳು.

"ಹೋದ ಸಲ ಹೇಳದೆ ಸುಮ್ಮನಾದೆ" ಎಂದು ವೇದಾಳೇ ಶುರು ಮಾಡಿದಳು. "ಎದುರಿದ್ದವರು ಮಾತಾಡ್ಲಿ ಅಂತ ನಮಗೆ ಹಾಗೆ ಕಲಿಸಿದ್ದು. ನಿಮಗೆ ಅದು ಆಗ್ತಿಲ್ಲ, ನಂಗೆ ತಿಳಿಲಿಲ್ಲ. ನೀವು ಬಂದು ಹೇಳಿದ್ದು ಚೊಲೋ ಆಯ್ತು."

ಹುಸ್ನಾಳಿಗೆ ಆಶ್ಚರ್ಯವಾದದ್ದು ಇದಕ್ಕೆ: ತಪ್ಪು ತೋರಿಸಿದ ಮೇಲೂ ಈ ಹೆಂಗಸು ಎದುರಿಗೇ ಇದ್ದಳು. ಚಪ್ಪಲಿಯ ವಿಷಯ ಹೇಳಿದಳು, ಪರದೆಯ ಹಿಂದಿನ ಮಗಳ ಮುಖ ಹೇಳಿದಳು. "ಅಮ್ಮಿ ಮಾಡಿದ್ದನ್ನೇ ನಾನೂ ಮಾಡ್ತೆ. ಇದನ್ನ ನಿಲ್ಲಿಸೂದು ಹೇಗೆ?" ಎಂದು ಕೇಳಿದಳು. ವೇದಾ, ಅದಕ್ಕೆ ಇವತ್ತೇ ಉತ್ತರ ಇಲ್ಲೆ, ಇಬ್ಬರೂ ಕೂಡಿ ನೋಡುವಾ, ಮುಂದಿನ ವಾರ ಇದೇ ಹೊತ್ತಿಗೆ ಬನ್ನಿ ಎಂದಳು. ಮೊದಲ ದಿನವೇ ರಿವರ್ಸ್ ಕಲಿಸುತ್ತೇನೆ ಎನ್ನುವವರನ್ನು ಹುಸ್ನಾ ಎಂದೂ ನಂಬಿದವಳಲ್ಲ. ಈ ಉತ್ತರ ಅವಳಿಗೆ ಹಿಡಿಸಿತು. ಅಂಗಳಕ್ಕೆ ಇಳಿದಾಗ ಅತ್ತೆ ಈ ಸಲ ಇವಳನ್ನೇ ಹಿಡಿದರು: "ನಮ್ಮನೆ ಸೊಸೆ ಕಲೀತ್ಲಾ?" ಹುಸ್ನಾ ಕಾರಿನ ಬಾಗಿಲು ತೆಗೆಯುತ್ತ ಹೇಳಿದಳು: "ಚೊಲೋ ಕಲೀತಾರೆ ಅಮ್ಮ. ತಪ್ಪು ಹೇಳಿದ್ರೆ ತಿದ್ಕೊಳ್ತಾರೆ." ವೇದಾ ಬಾಗಿಲಲ್ಲಿ ನಿಂತು ನಕ್ಕಳು.

ದಾರಿಯುದ್ದಕ್ಕೂ ಹಾಡು ಹಾಕಲಿಲ್ಲ. ಪಾಠವನ್ನೂ ಹೇಳಿಕೊಳ್ಳಲಿಲ್ಲ. ಸಿಕ್ಕಿದರು, ಸರಿಯಾದ ಡಾಕ್ಟರು ಸಿಕ್ಕಿದರು ಎಂಬ ಖುಷಿ. ಇದು ಉಪ್ಪಿನ ಖುಷಿಯಲ್ಲ, ಬೇರೆ. ಇದನ್ನು ಅವಳೇ ಆರಿಸಿಕೊಂಡದ್ದು. ಕಸ್ತೂರಬಾ ನಗರದ ಮನೆಯ ಮುಂದೆ ಕಾರು ನಿಲ್ಲಿಸಿ ಒಳಗೆ ಬಂದಾಗ ಅಮೀರುನ್ನಿಸಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮುಬಶ್ಶಿರಾ ಗೋಡೆಗೆ ಒರಗಿ ನಿಂತಿದ್ದಳು. ಆ ನಿಂತ ರೀತಿಯಿಂದಲೇ ಏನೋ ಆಗಿದೆಯೆಂದು ತಿಳಿಯಿತು.

"ಮಮ್ಮೀ, ಡ್ರೈವಿಂಗ್ ಸ್ಕೂಲಿನ ಮೊಬೈಲಿಗೆ ಕಮಲಾಕರ ಸರ್ ಫೋನ್ ಬಂದಿತ್ತು, ನಾಳೆ ಕ್ಲಾಸ್ ಎಷ್ಟೊತ್ತಿಗೆ ಅಂತ. ನೀನೆಲ್ಲಿ ಅಂತ ಕೇಳಿದ್ರು." ಮಗಳು ಗೋಡೆಯಿಂದ ಸರಿದು ನಿಂತಳು. "ಮನಸ್ಸಿನ ಡಾಕ್ಟರ್ ಹತ್ರ ಹೋಗಿದಾಳೆ ಅಂದೆ. ನೀನು ಅಬ್ಬಾನ ಹತ್ರ ಹೇಳೋದು ಕೇಳಿಸ್ಕೊಂಡಿದ್ದೆ."

ಮಾಸ್ತರರಿಗೆ ತಿಳಿಯಿತೆಂದರೆ ಸಂಜೆಯ ವಾಕಿಂಗಿನವರಿಗೆಲ್ಲ ತಿಳಿಯಿತು. ನಾಳೆ ತರಕಾರಿ ಮಾರ್ಕೆಟ್ಟಿಗೆ, ನಾಡಿದ್ದು ಕಾರು ಕಲಿಯಲು ಹೆಂಡತಿಯರನ್ನು ಕಳಿಸುವ ಗಂಡಂದಿರಿಗೆ. ಹುಸ್ನಾಳ ಮುಖ ಬಿಸಿಯಾಯಿತು. ಅಮೀರುನ್ನಿಸಾ ಸಿಪ್ಪೆ ಬೇರೆ ಮಾಡುತ್ತ ಹೇಳಿದಳು: "ಮನೆ ಮಾತು ಹೊರಗೆ ಹಾಕೋ ಚಾಳಿ. ಇವಳಿಗೆ ನಿನ್ನಿಂದಲೇ ಬಂತು."

ಅಮ್ಮಿಗೆ ನೆನಪಿತ್ತು. ಇಷ್ಟು ವರ್ಷ, ಇಷ್ಟು ಕಥೆ, ಇಷ್ಟು ನಗುವಿನ ಕೆಳಗೆ ಅದು ಹಾಗೇ ಇತ್ತು. ಹುಸ್ನಾ ಬಾಯಿ ತೆರೆಯಲು ನೋಡಿದಳು, ಅದು ಮುಚ್ಚಿಕೊಳ್ಳುತ್ತಿತ್ತು. ದವಡೆ ಬಿಗಿಯಾಗುವುದು, ಕಣ್ಣು ಮಗಳಿಂದ ಆಚೆ ಸರಿಯುವುದು, ಎಲ್ಲ ಗೊತ್ತಿದ್ದ ದಾರಿ. ಅದರಲ್ಲೊಂದು ಸುಖವೂ ಇದೆ ಎಂದು ಅವಳಿಗೆ ಮೊದಲ ಸಲ ತಿಳಿಯಿತು. ಮುಬಶ್ಶಿರಾಳ ಕಣ್ಣು ಆಗಲೇ ಬಾಗಿಲಲ್ಲಿ ಬಿಟ್ಟ ತಾಯಿಯ ಚಪ್ಪಲಿಗಳ ಕಡೆ ಹೋಗಿತ್ತು. ಹುಸ್ನಾ ಅದನ್ನು ಕಂಡಳು.

"ಇಲ್ಲಿ ಬಾ" ಎಂದಳು. ದನಿ ಒರಟಾಗಿ ಬಂತು, ಆದರೂ ಬಂತು. "ನಂಗೆ ಸಿಟ್ಟು ಬಂದಿದೆ. ಹೇಳ್ಬೇಡ ಅಂತ ನಾನು ನಿಂಗೆ ಹೇಳಿರಲಿಲ್ಲ, ಅದು ನಂದೇ ತಪ್ಪು. ಆದ್ರೂ ಸಿಟ್ಟು ಬಂದಿದೆ. ಈಗ ಸ್ವಲ್ಪ ಹೊತ್ತು ನಾನು ಸುಮ್ನಿರ್ತೀನಿ. ಆಮೇಲೆ ನಾನೇ ಮಾತಾಡ್ತೀನಿ. ನೀನು ಚಪ್ಪಲಿ ಒರೆಸೋದು ಬೇಡ."

ಮುಬಶ್ಶಿರಾ ಅವಳ ಮುಖವನ್ನೇ ನೋಡಿದಳು. "ಎಷ್ಟು ಹೊತ್ತು?"

ಈ ಪ್ರಶ್ನೆಯನ್ನು ಹುಸ್ನಾ ಅಮ್ಮಿಗೆ ಎಂದೂ ಕೇಳಿರಲಿಲ್ಲ. ಕೇಳಬಹುದೆಂದು ಹೊಳೆದಿರಲೇ ಇಲ್ಲ. "ಚಹಾ ಕುದಿಯೋ ತನಕ" ಎಂದಳು.

"ಹೇಳಿ ಹೇಳಿ ಸಿಟ್ಟು ಮಾಡೋದನ್ನ ಇವತ್ತೇ ನೋಡಿದ್ದು" ಎಂದಳು ಅಮೀರುನ್ನಿಸಾ. ಬಟಾಣಿ ಸುಲಿಯುವ ಕೈ ಮಾತ್ರ ನಿಂತಿತ್ತು. ಹುಸ್ನಾ ಅವಳನ್ನು ದಾಟಿ ಒಳಗೆ ಹೋದಳು, ಪಾತ್ರೆಗೆ ನೀರು ಹಾಕಿ ಗ್ಯಾಸ್ ಹಚ್ಚಿದಳು. ಸಿಟ್ಟು ಇನ್ನೂ ಇತ್ತು, ಹೊತ್ತು ಬೇಕಿತ್ತು, ಉರಿ ಸಣ್ಣ ಮಾಡಿದಳು. ಮಗಳು ಬಂದು ಪಕ್ಕದಲ್ಲಿ ನಿಂತಳು, ಪಾತ್ರೆಯೊಳಗೆ ಇಣುಕಿದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೈ ಚಾಚಿ ಉರಿ ದೊಡ್ಡದು ಮಾಡಿದಳು. ಹುಸ್ನಾ ನೋಡಿದಳು. ಮತ್ತೆ ಸಣ್ಣ ಮಾಡಲಿಲ್ಲ.